ಕಗ್ಗಲ್ಲುಕೋಟೆಯ ಹೆಸರಿಲ್ಲದ ಕುಳ್ಳ

"ಸೇತುವೆ ಇಳಿಸಿಯೇ ಇದೆ," ಎಂದಳು ಸುಮನಾ. "ಕಾವಲಿಗೆ ಯಾರೂ ಇಲ್ಲ."

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಬ್ಬ ದಾರಿಹೋಕ ಪಂಜು ಹಿಡಿದು ನಿಂತಿದ್ದ. ಅವನ ಹಿಂದೆ ಹಿಮ ಸುರಿಯುತ್ತಿತ್ತು. ಮುಂದೆ, ಕಪ್ಪು ಬಂಡೆಯಲ್ಲಿ ಕೊರೆದ ಕೋಟೆಯ ಬಾಗಿಲು ಹಾರು ಹೊಡೆದಿತ್ತು.

"ಒಳಗೆ ನಡೆಸಿ," ಎಂದಳು ಸಂಘಮಿತ್ರಾ.

ಸುಮನಾಳ ಬೆರಳು ಕೀಬೋರ್ಡಿನ ಕೀಲಿಯ ಮೇಲಿತ್ತು, ಆದರೆ ಒತ್ತಲಿಲ್ಲ. "ಮೇಡಂ, ಆಟ ಅಂತ ಗೊತ್ತು. ಆದ್ರೂ ಕೈ ಬರ್ತಿಲ್ಲ."

ಅವಳ ತಮ್ಮ ಮಲ್ಲಿಕ್ ಕಾಣೆಯಾಗಿ ಎರಡು ವಾರ ದಾಟಿತ್ತು. ಅವನು ಗೆಳೆಯರೊಂದಿಗೆ ಕಟ್ಟುತ್ತಿದ್ದ ಆಟದ ಕೋಟೆ ಮಾತ್ರ ಇನ್ನೂ ಬೆಳೆಯುತ್ತಲೇ ಇದೆ ಎಂಬುದು ನಿನ್ನೆಯಷ್ಟೇ ತಿಳಿದಿತ್ತು.

'ಪಾತಾಳಕೋಟೆ' ಎಂಬ ಆ ಆಟದಲ್ಲಿ ಆಡುವವರು ಕುಳ್ಳರ ಒಂದು ಗುಂಪಿಗೆ ಒಡೆಯರು. ಕುಳ್ಳರು ಹೇಳಿದ ಕಡೆ ಬೆಟ್ಟ ಅಗೆಯುತ್ತಾರೆ, ಗೋಡೆ ಕಟ್ಟುತ್ತಾರೆ, ಉಣ್ಣುತ್ತಾರೆ, ಹೆದರುತ್ತಾರೆ, ಸಾಯುತ್ತಾರೆ. ಕಟ್ಟಿದ ಕೋಟೆಯನ್ನು ಅಪ್‌ಲೋಡ್ ಮಾಡಿದರೆ ಬೇರೆ ಯಾರಾದರೂ ದಾರಿಹೋಕನ ವೇಷದಲ್ಲಿ ಒಳಗೆ ಹೊಕ್ಕು ಸುತ್ತಾಡಬಹುದು. ಕಗ್ಗಲ್ಲುಕೋಟೆಯನ್ನು ಮೂವರು ಸರದಿಯಂತೆ ಆಳುತ್ತಿದ್ದರು: ಮಲ್ಲಿಕ್, ಭದ್ರಾವತಿಯ ಸುದೀಪ್, ವಿದ್ಯಾನಗರದಲ್ಲಿ ಕನ್ನಡಕದ ಅಂಗಡಿ ಇಟ್ಟ ವಿಷ್ಣುಪ್ರಸಾದ.

ಅಪ್‌ಲೋಡ್ ಮಾಡುವ ಪಾಸ್‌ವರ್ಡ್ ಗೊತ್ತಿದ್ದದ್ದು ಈ ಮೂವರಿಗೇ. ಕೋಟೆಯ ಹೊಸ ರೂಪ ಬಂದದ್ದು ನಿನ್ನೆ ಬೆಳಿಗ್ಗೆ.

"ನೀವು ತಮ್ಮನ ಪಕ್ಕದಲ್ಲಿ ಕೂತು ಆಡೋದು ಕಲಿತವರು," ಎಂದಳು ಸಂಘಮಿತ್ರಾ. "ನನಗೆ ಕೀಬೋರ್ಡ್ ಮುಟ್ಟೋಕೂ ಬರಲ್ಲ. ನಡೆಸಿ."

ದಾರಿಹೋಕ ಒಳಗೆ ಕಾಲಿಟ್ಟ.

ಕೆಳಗೆ ದುರ್ಗಿಗುಡಿಯ ರಸ್ತೆಯಲ್ಲಿ ಸಿಟಿ ಬಸ್ಸೊಂದು ಹಾರ್ನ್ ಒತ್ತುತ್ತಾ ನಿಂತಿತ್ತು. ಸ್ಟೇಷನರಿ ಅಂಗಡಿಯ ಮಹಡಿಯ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಬೆಳಗಿನ ಬಿಸಿಲು ಮೇಜಿನ ತನಕ ಬಂದಿತ್ತು. ಸಬ್ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟು ಈ ಪತ್ತೇದಾರಿಕೆ ಹಿಡಿದ ಮೇಲೆ ಸಂಘಮಿತ್ರಾ ಹೆಣ ಕಂಡಿದ್ದಳು, ಹೆಣ ಮಾಡಿದವರನ್ನೂ ಕಂಡಿದ್ದಳು. ಆದರೂ ಈ ಬಿಸಿಲಿನಲ್ಲಿ ಅವಳ ಅಂಗೈ ತಣ್ಣಗಾಗಿತ್ತು.

ಮೊದಲ ಹಜಾರದ ಗೋಡೆಗಳಲ್ಲಿ ಶತ್ರುಗಳನ್ನು ಸೀಳಲು ಇಟ್ಟ ಕಲ್ಲಿನ ಅಲಗುಗಳಿದ್ದವು. ಅದನ್ನು ದಾಟಿದರೆ ಊಟದ ಮನೆ. ಮೇಜುಗಳ ಮೇಲೆ ಬಟ್ಟಲುಗಳು ಹಾಗೆಯೇ ಇದ್ದವು. ಒಬ್ಬ ಕುಳ್ಳನೂ ಇರಲಿಲ್ಲ.

"ಯಾವಾಗ್ಲೂ ಇಲ್ಲಿ ಗಿಜಿಗಿಜಿ ಇರ್ತಿತ್ತು," ಎಂದಳು ಸುಮನಾ ಮೆಲ್ಲಗೆ. "ಎಲ್ಲಿ ಹೋದ್ರು?"

ಅವರು ಸಿಕ್ಕಿದ್ದು ಮಲಗುವ ಕೋಣೆಗಳಲ್ಲಿ. ಬಾಗಿಲುಗಳಿಗೆ ಕಲ್ಲು ಪೇರಿಸಿ ಮುಚ್ಚಲಾಗಿತ್ತು. ಕಿಂಡಿಯಲ್ಲಿ ಇಣುಕಿದರೆ ಮಂಚದ ಮೇಲೆ ಬಿಳಿ ಮೂಳೆ.

ಬಾವಿಯ ತಳದಲ್ಲಿ ಇನ್ನೊಬ್ಬನಿದ್ದ. ಸುಮನಾ ಅವನ ಮೇಲೆ ಮೌಸಿನ ಬಾಣ ಇಟ್ಟಳು. ಹೆಸರು ಮೂಡಿತು: ವಿಷ್ಣುಪ್ರಸಾದ. ನೀರಿನಲ್ಲಿ ಮುಳುಗಿ ಸತ್ತಿದ್ದಾನೆ.

"ಮೂವರೂ ತಮ್ಮ ಹೆಸರಿನ ಒಬ್ಬೊಬ್ಬ ಕುಳ್ಳನನ್ನ ಇಟ್ಕೊಂಡಿದ್ರು ಮೇಡಂ. ತಮಾಷೆಗೆ."

"ಉಳಿದಿಬ್ಬರು?"

ಸುಮನಾ ಹುಡುಕಿದಳು. ಮಲ್ಲಿಕ್ ಎಂಬ ಕುಳ್ಳ ಸತ್ತವರಲ್ಲೂ ಇಲ್ಲ, ಬದುಕಿದವರಲ್ಲೂ ಇಲ್ಲ. ಸುದೀಪನೂ ಇಲ್ಲ.

ಮೆಟ್ಟಿಲು ಇಳಿದಂತೆ ಪಂಜಿನ ಬೆಳಕು ಚಿಕ್ಕದಾಯಿತು. ಗೋಡೆಯ ಮೇಲೆ ಕೆತ್ತನೆಗಳಿದ್ದವು. ಕೋಟೆಯಲ್ಲಿ ನಡೆದದ್ದನ್ನು ಕುಳ್ಳರು ತಾವಾಗಿಯೇ ಕೆತ್ತುತ್ತಾರೆ, ಆಟ ಅದನ್ನು ಮಾತಿನಲ್ಲಿ ಹೇಳುತ್ತದೆ. ಸುಮನಾ ಒಂದನ್ನು ಓದತೊಡಗಿ ಅರ್ಧಕ್ಕೇ ನಿಲ್ಲಿಸಿದಳು. ಸಂಘಮಿತ್ರಾ ತಾನೇ ಬಗ್ಗಿ ಓದಿದಳು.

'ಈ ಚಿತ್ರದಲ್ಲಿ ಒಬ್ಬ ಕುಳ್ಳನಿದ್ದಾನೆ, ಒಂದು ಬಾಗಿಲಿದೆ. ಕುಳ್ಳ ಅಳುತ್ತಿದ್ದಾನೆ. ಬಾಗಿಲು ನಗುತ್ತಿದೆ.'

ಅದರ ಪಕ್ಕದಲ್ಲೂ ಅದೇ. ಅದರ ಪಕ್ಕದಲ್ಲೂ. ಮೆಟ್ಟಿಲಿನುದ್ದಕ್ಕೂ ಅದೊಂದೇ ಚಿತ್ರ.

ತಳದಲ್ಲಿ ಒಂದು ಚೌಕದ ಕೋಣೆ. ಅದರೊಳಗೆ ಕೋಟೆಯ ಕಟ್ಟಕಡೆಯ ಜೀವ ಗೋಡೆಗೆ ಒರಗಿ ಕೂತಿತ್ತು. ಹೆಸರಿನ ಜಾಗ ಖಾಲಿ. ಕೆಳಗೆ ನಾಲ್ಕು ಸಾಲು:

'ಇವನು ಬಿಸಿಲು ಕಂಡು ಬಹಳ ಕಾಲವಾಗಿದೆ. ಇವನಿಗೆ ಹಸಿವಾಗಿದೆ. ಇವನು ನೀರಿನ ಸದ್ದು ಕೇಳುತ್ತಿದ್ದಾನೆ. ಇವನು ಬಾಗಿಲಿಗೆ ಹೆದರುತ್ತಾನೆ.'

"ಮಲ್ಲೀ," ಎಂದು ಸುಮನಾ ಪರದೆಯನ್ನೇ ಮುಟ್ಟಿದಳು.

ಸಂಘಮಿತ್ರಾ ಎದ್ದು ಕಿಟಕಿಯ ಬಳಿ ಹೋಗಿ ಬಂದಳು. "ಇದನ್ನ ಕಟ್ಟಿದವನು ಯಾವುದೋ ಕೋಣೇಲಿ ಬಂಧಿಯಾಗಿದ್ದಾನೆ. ಅವನ ಕೈಲಿ ಇಂಟರ್‌ನೆಟ್ ಇಲ್ಲ, ಇದ್ದಿದ್ರೆ ನಿಮಗೊಂದು ಮೆಸೇಜ್ ಬರ್ತಿತ್ತು. ಅವನು ಆಡ್ತಾನೆ, ಕೂಡಿಹಾಕಿದವನು ಫೈಲ್ ತಗೊಂಡು ಹೋಗಿ ಅಪ್‌ಲೋಡ್ ಮಾಡ್ತಾನೆ. ಕಾಗದ ಬರೆದ್ರೆ ಕೂಡಿಹಾಕಿದವನು ಓದಿಬಿಡ್ತಾನೆ. ಕೋಟೆಯ ತಳದ ತನಕ ನಡೆದುಕೊಂಡು ಹೋಗಿ ಯಾರು ನೋಡ್ತಾರೆ?"

"ಆದ್ರೆ ಕೂಡಿಹಾಕಿದವನಿಗೆ ಅಪ್‌ಲೋಡ್ ಮಾಡಿ ಏನಾಗಬೇಕು?"

"ಗೊತ್ತಿಲ್ಲ," ಎಂದಳು ಸಂಘಮಿತ್ರಾ. "ನನಗೆ ಹೆದರಿಕೆ ಇರೋದು ಅದಕ್ಕೇ."

ಅವಳು ಮತ್ತೆ ಪರದೆಯ ಮೇಲೆ ಬಗ್ಗಿದಳು. ಚೌಕದ ಕೋಣೆಯ ಒಂದು ಗೋಡೆಯ ಹಿಂದೆ ನೀರಿನ ನೇರ ಕಾಲುವೆ. ಕೋಣೆಯಿಂದ ಮೇಲಕ್ಕೆ ಕಡಿದಾದ ಮೆಟ್ಟಿಲು. ಮೆಟ್ಟಿಲ ತುದಿಗೆ ಒಂದೇ ಬಾಗಿಲು. ಬಾಗಿಲಾಚೆ ಅಗಲವಾದ ಹಜಾರ, ಅದರ ನೆಲದಲ್ಲಿ ದೊಡ್ಡ ದುಂಡನೆಯ ಕುಳಿ, ಕುಳಿಯಿಂದ ಉದ್ದಕ್ಕೆ ಹರಿದ ಕಂದಕ, ಕಂದಕದ ಕೊನೆಗೆ ಹೊಗೆ ಹೋಗುವ ಗೂಡು.

"ಅಡುಗೆಮನೆ ಇರಬೇಕು," ಎಂದಳು ಸುಮನಾ.

ಸಂಘಮಿತ್ರಾಳ ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದವನು. ರಜೆಯ ದಿನ ಕ್ವಾರ್ಟರ್ಸಿನ ಮಕ್ಕಳೆಲ್ಲ ಕಾಲುವೆ ದಂಡೆಯ ಮೇಲೆ ನಡೆದು ಹೋಗಿ, ಬಾಳೆಲೆಯ ಚೂರಿಗೆ ಬಿಸಿ ಬೆಲ್ಲ ಹಾಕಿಸಿಕೊಂಡು ತಿನ್ನುತ್ತಿದ್ದರು. ಕಬ್ಬಿನ ಹಾಲು ಕುದಿಯುವ ಆ ಕೊಪ್ಪರಿಗೆ, ಆ ಉದ್ದನೆಯ ಒಲೆ.

"ಇದು ಆಲೆಮನೆ," ಎಂದಳು.

*

ವಿಷ್ಣುಪ್ರಸಾದನ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅಕ್ಕಪಕ್ಕದ ಅಂಗಡಿಗಳಲ್ಲಿ ವ್ಯಾಪಾರ ಜೋರಾಗಿತ್ತು. ಇಬ್ಬರೂ ಬಗ್ಗಿ ಒಳಗೆ ಹೋದಾಗ ಅವನು ಕೌಂಟರಿನ ಹಿಂದಿನಿಂದ ಥಟ್ಟನೆ ಎದ್ದ. ಕೈಯಲ್ಲಿ ಷಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿತ್ತು.

"ಯಾರು? ಓ, ಸುಮನಾ. ನೀನಾ."

ಮೂವತ್ತು ದಾಟಿದ ದಪ್ಪ ಮೈಯ ಮನುಷ್ಯ. ಗೋಡೆಯ ತುಂಬ ಜೋಡಿಸಿದ ಕನ್ನಡಕಗಳ ನಡುವೆ ಅವನ ಕಣ್ಣುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಕೊಕ್ಕೆ ಕೆಳಗಿಡಿ," ಎಂದಳು ಸಂಘಮಿತ್ರಾ. "ನಿಮ್ಮ ಕುಳ್ಳನನ್ನ ಬಾವೀಲಿ ನೋಡಿದ್ವಿ."

ಅವನು ಕೊಕ್ಕೆ ಇಡಲಿಲ್ಲ. "ನೋಡಿದ್ರಾ? ಹಾಗಾದ್ರೆ ನಾನ್ಯಾಕೆ ಷಟರ್ ಇಳಿಸಿಕೊಂಡು ಕೂತಿದ್ದೀನಿ ಅಂತ ಕೇಳ್ಬೇಡಿ."

"ಅದು ಆಟ ಮಾರಾಯ," ಎಂದಳು ಸುಮನಾ.

"ಆಟಾನಾ? ಆ ಬಾವಿಗೆ ಕಟ್ಟೆ ಇತ್ತು ಮೇಡಂ, ನಾನೇ ಕಟ್ಟಿಸಿದ್ದು. ಕಟ್ಟೆ ಒಡೆಸಿ, ಅವನನ್ನ ಅಂಚಿಗೆ ನಿಲ್ಲಿಸಿ, ನೀರು ಬಿಟ್ಟಿದ್ದಾರೆ. ಬೇಕಂತಲೇ. ನನಗೆ ಕಾಣಲಿ ಅಂತಲೇ."

"ಯಾರು?"

"ನನಗೆ ಗೊತ್ತಿದ್ರೆ ಅಂಗಡಿ ತೆಗೀತಿರ್ಲಿಲ್ವಾ?"

"ಮಲ್ಲಿಕ್ ಕಾಣೆಯಾದ ಮೇಲೆ ಕೋಟೆ ಬೆಳೀತಿರೋದು ನಿಮಗೆ ಗೊತ್ತಿತ್ತು. ಪೊಲೀಸರಿಗೆ ಹೇಳಲಿಲ್ಲ. ಯಾಕೆ?"

ವಿಷ್ಣುಪ್ರಸಾದ ಒಂದು ಬಟ್ಟೆ ತೆಗೆದುಕೊಂಡು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. "ನಮ್ಮೊಳಗಿನ ವಿಷಯ ಅಂದ್ಕೊಂಡೆ. ಸುದೀಪ, ಮಲ್ಲಿಕ್ ಇಬ್ಬರೂ ಜಗಳ ಆಡಿದ್ರು. ಫೋನಲ್ಲಿ ಕೂಗಾಡಿದ್ರು. ಸುದೀಪನ ದನಿ ನಡುಗ್ತಿತ್ತು. ಹೇಳ್ಬಿಡ್ತೀನಿ, ಹೇಳ್ಬಿಡ್ತೀನಿ ಅಂತಿದ್ದ. ಏನು ಅಂತ ನಾನು ಕೇಳ್ಲಿಲ್ಲ."

"ಕೇಳಲಿಲ್ವೋ, ಕೇಳೋಕೆ ಇಷ್ಟ ಇರಲಿಲ್ವೋ?"

ಗಾಜು ಒರೆಸುವ ಕೈ ನಿಂತಿತು.

ಸಂಘಮಿತ್ರಾ ಲ್ಯಾಪ್‌ಟಾಪ್ ಕೌಂಟರಿನ ಮೇಲಿಟ್ಟು ಅವನ ಕಡೆ ತಿರುಗಿಸಿದಳು. ಚೌಕದ ಕೋಣೆ, ಮೆಟ್ಟಿಲು, ಹಜಾರ. ಅವನು ಕನ್ನಡಕ ಏರಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಮಲ್ಲಿಕ್ ಹೀಗೆ ಕಟ್ಟಲ್ಲ," ಎಂದ. "ಅವನು ಎಲ್ಲಾ ಮೂಲೆಗಳನ್ನೂ ದುಂಡಗೆ ಮಾಡ್ತಾನೆ. ನಮಗೆಲ್ಲ ಬೈತಿದ್ದ, ನಿಮ್ಮದು ಬೆಂಕಿಪೊಟ್ಟಣ ಅಂತ."

"ಕತ್ತಲೇಲಿ ಹೆದರಿ ಕೂತವನು ಮೂಲೆ ದುಂಡಗೆ ಮಾಡ್ತಾ ಕೂರ್ತಾನಾ?" ಸುಮನಾಳ ದನಿ ಒಡೆಯಿತು. "ನಿನ್ನ ಗೆಳೆಯ ಕಣೋ ಅವನು!"

ವಿಷ್ಣುಪ್ರಸಾದ ತಲೆ ತಗ್ಗಿಸಿದ.

"ಈ ಆಲೆಮನೆ ಯಾರದು?" ಸಂಘಮಿತ್ರಾ ಕೇಳಿದಳು.

ಅವನು ಮತ್ತೆ ಬಟ್ಟೆ ಎತ್ತಿಕೊಂಡ.

"ನೀವು ಇದನ್ನ ನೋಡಿದ ತಕ್ಷಣ ಗುರುತು ಹಿಡಿದ್ರಿ. ನಿಮ್ಮ ಕತ್ತಿನ ಮೇಲೆ ಬೆವರು ಬಂತು. ಒಬ್ಬ ಮನುಷ್ಯ ಅಲ್ಲಿ ಅನ್ನ ನೀರಿಲ್ಲದೆ ಕೂತಿದ್ದಾನೆ. ನೀವು ಇಲ್ಲಿ ಗಾಜು ಒರೆಸ್ತಿದ್ದೀರಿ. ಯಾರದು?"

"ಸುದೀಪನ ಮನೆಯವರದು." ಮಾತು ಅವನ ಬಾಯಿಂದ ಬಿದ್ದಂತೆ ಬಂತು. "ಅವರಪ್ಪ ಕರಿಯಣ್ಣ ಅವರದು. ಭದ್ರಾವತಿ ಆಚೆ, ಕಾಲುವೆ ಪಕ್ಕ. ನಿಲ್ಲಿಸಿ ವರ್ಷಗಳಾಯ್ತು. ಪಕ್ಕಕ್ಕೆ ಪಂಪು ಇಳಿಸೋಕೆ ನೆಲದೊಳಗೆ ಒಂದು ಕೋಣೆ ಇದೆ. ನಾವು ಹಿಂದೆ ಅಲ್ಲೇ ಕೂತು ಆಡ್ತಿದ್ವಿ, ತಂಪಾಗಿರುತ್ತೆ ಅಂತ."

"ನಾವು ಅಂದ್ರೆ? ಮೂವರೇನಾ?"

ವಿಷ್ಣುಪ್ರಸಾದ ಅವಳ ಬದಲು ಸುಮನಾಳನ್ನು ನೋಡಿದ.

"ಮೂವರೇ," ಎಂದ.

ಹೊರಗೆ ಬಂದಾಗ ಹಿಂದೆ ಷಟರ್ ಪೂರ್ತಿ ಇಳಿದ ಸದ್ದಾಯಿತು.

*

ಸುಮನಾಳ ಹಳೆಯ ಕಾರು ಬಿ.ಎಚ್. ರಸ್ತೆ ಹಿಡಿದು ಭದ್ರಾವತಿ ಕಡೆ ಓಡುವಾಗ ಸಂಘಮಿತ್ರಾ ಕರಿಯಣ್ಣನಿಗೆ ಫೋನು ಮಾಡಿದಳು.

"ನಮ್ಮ ಸುದೀಪ ಹುಬ್ಬಳ್ಳಿಗೆ ಟ್ರೇನಿಂಗಿಗೆ ಹೋಗವ್ನೆ ಕಣಮ್ಮ," ಎಂದ ಮುದುಕ. "ದಿನಾ ಮೆಸೇಜ್ ಹಾಕ್ತಾನೆ. ಫೋನ್ ಎತ್ತಲ್ಲ ಅಷ್ಟೇ. ಕ್ಲಾಸಲ್ಲಿರ್ತಾನಂತೆ."

ಫೋನು ಕೆಳಗಿಟ್ಟಾಗ ಸುಮನಾ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದಳು. "ಹುಬ್ಬಳ್ಳಿ ಅಂತೆ! ಮೆಸೇಜ್ ಯಾವ ಊರಿಂದ ಬೇಕಾದ್ರೂ ಹಾಕಬಹುದು. ಮನೆಗೇ ಬಂದು ಊಟ ಮಾಡ್ತಿದ್ದ ಮೇಡಂ ಅವನು. ನಮ್ಮಮ್ಮ ಅವನಿಗೆ ರೊಟ್ಟಿ ತಟ್ಟಿ ಕೊಡ್ತಿದ್ರು."

ಸಂಘಮಿತ್ರಾಳಿಗೆ ಸಮಾಧಾನವಿರಲಿಲ್ಲ. ಎಲ್ಲವೂ ಸುದೀಪನ ಕಡೆಗೇ ಬೆರಳು ತೋರಿಸುತ್ತಿತ್ತು, ಒಂದು ಕೊಂಕೂ ಇಲ್ಲದೆ.

ಊರು ದಾಟಿ, ಕಬ್ಬಿನ ಗದ್ದೆಗಳ ನಡುವಿನ ಮಣ್ಣು ರಸ್ತೆಗೆ ತಿರುಗಿದರು. ಕಾಲುವೆಗೆ ನೀರು ಬಿಟ್ಟಿದ್ದರು. ಕಾರು ನಿಲ್ಲಿಸಿದಾಗ ಕಿವಿ ತುಂಬ ಅದೊಂದೇ ಸದ್ದು.

ಆಲೆಮನೆಯ ತಗಡಿನ ಮಾಡು ಒಂದು ಬದಿಗೆ ಕುಸಿದಿತ್ತು. ಒಳಗೆ ಕಾಲಿಟ್ಟೊಡನೆ ಸಂಘಮಿತ್ರಾ ನಿಂತುಬಿಟ್ಟಳು. ಬೆಳಿಗ್ಗೆ ಈ ಹಜಾರವನ್ನು ಅವಳು ನಡೆದು ಮುಗಿಸಿದ್ದಳು. ಕೊಪ್ಪರಿಗೆ ಕೂರಿಸುವ ದುಂಡು ಕುಳಿ ಇರಬೇಕಾದಲ್ಲಿ ಇತ್ತು. ಕಂದಕ ಇರಬೇಕಾದ ಕಡೆಗೇ ಹರಿದಿತ್ತು. ಮುಂದೆ ಎಡಕ್ಕೆ ಬಾಗಿಲು ಎಂದು ಅವಳ ಕಾಲಿಗೆ ಮೊದಲೇ ಗೊತ್ತಿತ್ತು.

ಬಾಗಿಲಿತ್ತು. ಕಬ್ಬಿಣದ್ದು. ತುಕ್ಕು ಹಿಡಿದ ಬಾಗಿಲಿಗೆ ಹೊಳೆಯುವ ಹೊಸ ಅಗುಳಿ, ಹೊರಗಿನಿಂದ ಹಾಕಿತ್ತು. ಹೊಸ್ತಿಲ ಬಳಿ ಹೋಟೆಲಿನ ಪೊಟ್ಟಣದ ಎಲೆ. ಅದರ ಮೇಲಿನ ಚಟ್ನಿ ಇನ್ನೂ ಒಣಗಿರಲಿಲ್ಲ.

ಸಂಘಮಿತ್ರಾ ಹಿಂದಕ್ಕೆ ಸರಿದು, ಭದ್ರಾವತಿ ಠಾಣೆಯಲ್ಲಿದ್ದ ತನ್ನ ಹಳೆಯ ಸಹೋದ್ಯೋಗಿ ರವಿಶಂಕರನಿಗೆ ಫೋನು ಮಾಡಿದಳು.

"ಹೊರಟೆ," ಎಂದ ಅವನು. "ಕಾಲುವೆ ಸೇತುವೆ ಹತ್ರ ಬಂದು ಫೋನ್ ಮಾಡ್ತೀನಿ, ದಾರಿ ಹೇಳಿ. ಅಲ್ಲಿವರೆಗೂ ಒಳಗೆ ಹೋಗ್ಬೇಡಿ."

ಅಷ್ಟರಲ್ಲಿ ಕಬ್ಬಿಣದ ಬಾಗಿಲಿನ ಹಿಂದೆ, ಬಹಳ ಕೆಳಗೆ, ಯಾರೋ ಕೆಮ್ಮಿದರು. ಒಣ ಕೆಮ್ಮು. ನಿಲ್ಲಲಿಲ್ಲ.

"ಮಲ್ಲೀ!" ಸುಮನಾ ಅಗುಳಿಗೆ ಕೈ ಹಾಕಿದಳು.

ಸಂಘಮಿತ್ರಾ ಅವಳ ಮಣಿಕಟ್ಟು ಹಿಡಿದಳು. "ನಾನು ಇಳೀತೀನಿ. ನೀವು ಈ ಬಾಗಿಲು ಬಿಟ್ಟು ಕದಲಬೇಡಿ. ಸುದೀಪ ಇಲ್ಲೇ ಎಲ್ಲೋ ಇದ್ದಾನೆ, ಊಟ ಈಗಷ್ಟೇ ಬಂದಿದೆ. ಇಬ್ಬರೂ ಒಳಗೆ ಹೋದ್ರೆ ಮುಗೀತು." ತನ್ನ ಫೋನನ್ನು ಅವಳ ಕೈಗಿಟ್ಟಳು. "ಕೆಳಗೆ ಸಿಗ್ನಲ್ ಸಿಗಲ್ಲ. ರವಿಶಂಕರ್ ಮಾಡಿದ್ರೆ ದಾರಿ ಹೇಳಿ."

ಸುಮನಾ ಅಳುತ್ತಲೇ ತಲೆಯಾಡಿಸಿದಳು.

ಮೆಟ್ಟಿಲು ಕಡಿದಾಗಿತ್ತು, ಪಾಚಿ ಹಿಡಿದಿತ್ತು. ಸಂಘಮಿತ್ರಾ ಗೋಡೆ ಸವರುತ್ತಾ ಇಳಿದಳು. ಗೋಡೆಯ ಆಚೆ ಕಾಲುವೆ ಗುಡುಗುತ್ತಿತ್ತು, ಅದರ ನಡುಕ ಅಂಗೈಗೆ ತಾಗುತ್ತಿತ್ತು. ಕೆಳಗೆ ಮಸುಕಾದ ನೀಲಿ ಬೆಳಕು.

ಪರದೆಯ ಬೆಳಕು ಅದು. ಹಳೆಯ ಪಂಪಿನ ತಂತಿಗೆ ಸಿಕ್ಕಿಸಿದ ಲ್ಯಾಪ್‌ಟಾಪ್ ನೆಲದ ಮೇಲಿತ್ತು. ಅದರ ಹಿಂದೆ ಕಂಬಳಿ ಹೊದ್ದ ಒಂದು ಆಕೃತಿ ಗೋಡೆಗೆ ಒರಗಿ ಕೂತಿತ್ತು. ಕಾಲಿನ ಸರಪಳಿ ಪಂಪಿನ ಬುಡಕ್ಕೆ ಹೋಗಿತ್ತು.

"ಮಲ್ಲಿಕ್? ಹೆದರಬೇಡಿ. ನಿಮ್ಮ ಅಕ್ಕ ಮೇಲಿದ್ದಾರೆ."

ಆಕೃತಿ ಒಮ್ಮೆಲೇ ಗೋಡೆಗೆ ಅಂಟಿಕೊಂಡಿತು. "ಅಕ್ಕನಾ? ಸುಮನಕ್ಕ ಬಂದಿದ್ದಾರಾ? ಬಾಗಿಲಲ್ಲಿ ಯಾರಿದ್ದಾರೆ? ಬಾಗಿಲಲ್ಲಿ ಯಾರನ್ನ ಬಿಟ್ಟು ಬಂದ್ರಿ?"

ಅವನು ಕಂಬಳಿ ಸರಿಸಿದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಆದರೂ ಮೂವರು ಗೆಳೆಯರ ಫೋಟೋವನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ ತಪ್ಪಾಗುವಂತಿರಲಿಲ್ಲ.

ಅದು ಸುದೀಪ್.

"ನಿಮ್ಮನ್ನ ಇಲ್ಲಿ ಹಾಕಿದ್ದು ಯಾರು?"

"ಮಲ್ಲಿಕ್." ಅವನು ಅವಳ ತೋಳು ಹಿಡಿದುಕೊಂಡ. ಬೆರಳುಗಳು ಮಂಜುಗಡ್ಡೆಯಂತಿದ್ದವು. "ಮನೆ ಬಿಟ್ಟು ಬಂದಿದ್ದೇ ಅದಕ್ಕೆ. ಅವನು ಕಾಣೆಯಾದ ಅಂತ ಊರೆಲ್ಲ ಹುಡುಕಿದ್ರೆ ನನ್ನ ಯಾರು ಹುಡುಕ್ತಾರೆ? ನನ್ನ ಫೋನಿಂದ ಅಪ್ಪನಿಗೆ ಮೆಸೇಜ್ ಹಾಕೋದೂ ಅವನೇ. ನಾನು ಆಡ್ತಾ ಇದ್ರೆ ಊಟ ಕೊಡ್ತಾನೆ. ಕೋಟೆ ನಿಲ್ಲಬಾರ್ದು ಅಂತಾನೆ. ವಿಷ್ಣು ಬಾಯಿ ಮುಚ್ಚಿಕೊಂಡಿರಲಿ ಅಂತ ಅವನ ಕುಳ್ಳನನ್ನ ನನ್ನ ಕೈಯಲ್ಲೇ ಮುಳುಗಿಸಿದ."

"ಯಾಕೆ? ನಿಮ್ಮಿಂದ ಅವನಿಗೇನು?"

"ನಮ್ಮ ಜೊತೆ ಇಲ್ಲಿ ಆಡ್ತಿದ್ದ ಮುರಳಿಯನ್ನ ಅವನು ಎಲ್ಲಿ ಹೂತ ಅಂತ ನನಗೆ ಗೊತ್ತು ಮೇಡಂ."

"ಯಾವ ಮುರಳಿ?"

ಅವನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಒಂದು ಚೀತ್ಕಾರ ಕೇಳಿತು. ಹೆದರಿಕೆಯ ಚೀತ್ಕಾರವಲ್ಲ, ಸಂತೋಷದ್ದು.

"ಮಲ್ಲೀ! ಅಯ್ಯೋ ನನ್ನಪ್ಪಾ, ಮಲ್ಲೀ!"

ಸಂಘಮಿತ್ರಾ ಎರಡೆರಡು ಮೆಟ್ಟಿಲು ಹಾರಿ ಅರ್ಧ ದಾರಿ ಏರಿದಳು. ಬಾಗಿಲಿನ ಬೆಳಕಿನಲ್ಲಿ ಸುಮನಾ ಒಬ್ಬ ಎತ್ತರದ ಯುವಕನನ್ನು ತಬ್ಬಿಕೊಂಡು ನಿಂತಿದ್ದಳು. ಅವನ ಶರ್ಟು ಶುಭ್ರವಾಗಿತ್ತು, ಗಡ್ಡ ಬೋಳಿಸಿತ್ತು.

"ಅಲ್ಲೇ ನಿಲ್ಲಿ ಮೇಡಂ," ಎಂದ ಮಲ್ಲಿಕ್, ತುಂಬ ಮೆತ್ತಗೆ. "ಅವನ ಮಾತು ನಂಬಬೇಡಿ. ನನ್ನನ್ನ ಇಲ್ಲಿ ಕೂಡಿಹಾಕಿದ್ದು ಅವನು. ತಪ್ಪಿಸಿಕೊಳ್ಳೋವಾಗ ಅವನನ್ನೇ ಒಳಗೆ ತಳ್ಳಿದೆ. ಅಕ್ಕಾ, ನಾನು ಎಷ್ಟು ಹೆದರಿದ್ದೆ ಗೊತ್ತಾ?"

"ಗೊತ್ತು ಕಣೋ, ಗೊತ್ತು."

"ಹೊರಗೆ ಬಂದವರು ಮನೆಗೆ ಯಾಕೆ ಬರಲಿಲ್ಲ?" ಸಂಘಮಿತ್ರಾ ಇನ್ನೊಂದು ಮೆಟ್ಟಿಲು ಏರಿದಳು. "ಸುಮನಾ, ಅವನ ಬಟ್ಟೆ ನೋಡಿ. ಅವನಿಂದ ಈಚೆ ಬನ್ನಿ."

"ನನ್ನ ತಮ್ಮ ಮೇಡಂ!"

"ಹಾಗಾದ್ರೆ ಅವನನ್ನೇ ಕೇಳಿ. ಮುರಳಿ ಯಾರು?"

ಮಲ್ಲಿಕ್ ಅಕ್ಕನ ಮುಖ ನೋಡಿದ.

ಸುಮನಾಳ ಮುಖದ ನಗು ಹಾಗೆಯೇ ನಿಂತು, ನಿಧಾನವಾಗಿ ಆರಿತು. ಕೆಳಗೆ ಕತ್ತಲಲ್ಲಿ ಸುದೀಪ್ ಕೆಮ್ಮುತ್ತಿದ್ದ. ಅವಳು ಆ ಕೆಮ್ಮು ಕೇಳಿದಳು, ತಮ್ಮನನ್ನು ನೋಡಿದಳು, ಮತ್ತೆ ಮೆಟ್ಟಿಲ ಮೇಲೆ ನಿಂತ ಸಂಘಮಿತ್ರಾಳನ್ನು ನೋಡಿದಳು.

"ಆ ಹೆಸರು ಎತ್ತಬಾರ್ದಿತ್ತು ಮೇಡಂ," ಎಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬಾಗಿಲಿಗೆ ಕೈ ಹಾಕಿದ್ದು ಮಲ್ಲಿಕ್ ಅಲ್ಲ. ಸುಮನಾ.

ಸಂಘಮಿತ್ರಾ ಮೇಲಕ್ಕೆ ಹಾರಿದಳು. ಕಬ್ಬಿಣ ಅವಳ ಭುಜಕ್ಕೆ ಬಡಿಯಿತು. ಹೊರಗೆ ಅಗುಳಿ ಸರಿಯಿತು. ಅವಳು ಎರಡೂ ಮುಷ್ಟಿಗಳಿಂದ ಗುದ್ದಿದಳು, ಕೂಗಿದಳು. ಕಾಲುವೆಯ ಮೊರೆತ ಅವಳ ಕೂಗನ್ನು ಅಲ್ಲಲ್ಲೇ ನುಂಗಿತು.

ಬಾಗಿಲಾಚೆ ಅವಳದೇ ಫೋನು ರಿಂಗಾಯಿತು.

ಸಂಘಮಿತ್ರಾ ಉಸಿರು ಬಿಗಿಹಿಡಿದು ತಣ್ಣನೆಯ ಕಬ್ಬಿಣಕ್ಕೆ ಕಿವಿ ಒತ್ತಿದಳು.

"ಹಲೋ, ರವಿಶಂಕರ್ ಸಾರ್? ನಾನು ಸುಮನಾ. ಮೇಡಂ ಡ್ರೈವ್ ಮಾಡ್ತಿದ್ದಾರೆ ಸಾರ್. ಇಲ್ಲ ಸಾರ್, ಅಲ್ಲಿ ಯಾರೂ ಇರ್ಲಿಲ್ಲ, ಬರೀ ಖಾಲಿ ಆಲೆಮನೆ. ನಾವು ಆಗ್ಲೇ ಶಿವಮೊಗ್ಗದ ಕಡೆ ಹೊರಟ್ವಿ. ನೀವು ವಾಪಸ್ ಹೋಗಿ ಸಾರ್, ಸುಮ್ನೆ ನಿಮಗೂ ತೊಂದರೆ ಆಯ್ತು."

ಅವಳ ದನಿ ಒಂದಿಷ್ಟೂ ನಡುಗಲಿಲ್ಲ.